ಪನ್ಹಾಳದಿಂದ ಪಾವನಖಿಂಡಿಗೆ

ನಮ್ಮ ಮುರುಮದವರಿಗೆ ಉದಗೀರ ಕೋಟೆ ಪರಿಚಿತ. 1760ರಲ್ಲಿ ಮರಾಠರು ಅಲ್ಲಿ ನಿಜಾಮನನ್ನು ಸೋಲಿಸಿದರು. ಮಕ್ಕಳಿಗೆ ಅದು ಪುಸ್ತಕದ ಒಂದು ಸಾಲು ಮಾತ್ರ. ಕೊಲ್ಲಾಪುರ ಸೀಮೆಯವರು ಮಾತ್ರ ತಮ್ಮ ಇತಿಹಾಸವನ್ನು ಕಾಡಿನಲ್ಲಿ ನಡೆದು ತೋರಿಸುತ್ತಾರೆ.

1660ರ ಆಷಾಢ ಹುಣ್ಣಿಮೆಯ ಮಳೆರಾತ್ರಿ ಶಿವಾಜಿ ಮಹಾರಾಜರು ಸಿದ್ದಿ ಜೌಹರನ ಮುತ್ತಿಗೆ ತಪ್ಪಿಸಿಕೊಂಡು ಪನ್ಹಾಳದಿಂದ ವಿಶಾಳಗಡಕ್ಕೆ ಹೊರಟರು. ಮಹಾರಾಜರ ವೇಷದಲ್ಲಿ ಬೇರೆ ಪಲ್ಲಕ್ಕಿಯಲ್ಲಿ ಕುಳಿತ ಶಿವಾ ಕಾಶೀದ ಸಿಕ್ಕಿಬಿದ್ದು ಪ್ರಾಣ ಕೊಟ್ಟ. ಇಕ್ಕಟ್ಟಾದ ಘೋಡಖಿಂಡಿಯಲ್ಲಿ ಬಾಜೀ ಪ್ರಭು ದೇಶಪಾಂಡೆ ಸುಮಾರು 300 ಜನರೊಡನೆ ವೈರಿಯನ್ನು ತಡೆದು ಮಡಿದರು. ಅದೇ ಇಂದಿನ ಪಾವನಖಿಂಡಿ.

ಪ್ರತಿವರ್ಷ ಜುಲೈಯಲ್ಲಿ ತಂಡಗಳು ಭಗವಾ ಧ್ವಜ ಹಿಡಿದು, ಮಸಾಯಿ ಪಠಾರ ದಾಟಿ, ಮಳೆ ಕೆಸರಿನಲ್ಲಿ ಸುಮಾರು 50 ಕಿಲೋಮೀಟರು ನಡೆಯುತ್ತವೆ.

ನಮ್ಮ ಹುಡುಗರೂ ಹೊರಡುತ್ತೇವೆಂದಾಗ ಮನೆಯಲ್ಲಿ ಪ್ರಶ್ನೆ ಎದ್ದಿತು. ಆ ಹುಣ್ಣಿಮೆಯ ಹಿಂದಿನ ದಿನವೇ ನಮ್ಮ ಮುನಿಗಳು ಚಾತುರ್ಮಾಸಕ್ಕೆ ನಿಲ್ಲುತ್ತಾರೆ. ಮಳೆಗೆ ಹುಟ್ಟಿದ ಜೀವಗಳು ಕಾಲಡಿ ಸಾಯಬಾರದೆಂದು ಅವರು ವಿಹಾರ ಬಿಡುವಾಗ, ನಾವು ಹಸಿ ಹುಲ್ಲು ತುಳಿಯುವುದೆ?

ಬೇಡವೆನ್ನಲಿಲ್ಲ. ಕಾರ್ತಿಕ ಕಳೆದ ಮೇಲೆ ನಾವೇ ಕರೆದೊಯ್ದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಸೋಸಿದ ನೀರು ಜೊತೆಗಿದ್ದವು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದೆವು.

“ಕೆಸರಿಲ್ಲದೆ ಅವರ ಕಷ್ಟ ಹೇಗೆ ತಿಳಿದೀತು, ಅಜ್ಜಾ?” ಎಂದು ಮೊಮ್ಮಗ ಕೇಳಿದ. ಮಾತು ಸುಳ್ಳಲ್ಲ. ಆದರೆ ಎರಡನೆಯ ದಿನ ಖಿಂಡಿಗೆ ಇಳಿಯುವಾಗ ಅವನ ಕಾಲೂ ನಡುಗುತ್ತಿತ್ತು. ಇದೇ ದಾರಿಯನ್ನು ಒಂದೇ ರಾತ್ರಿಯಲ್ಲಿ ಓಡಿ ಬಂದು, ಆಮೇಲೆ ಕಾದಾಡಿದವರು ಎಂಥವರು ಎಂಬುದನ್ನು ನಾವು ಅವನಿಗೆ ಹೇಳಬೇಕಾಗಲಿಲ್ಲ.