ಎಂಟು ಮಿಲಿಮೀಟರ್ ಜಾಗ

ಅಪ್ಪ ಮಿಶಿಗನ್‌ಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಆಡಿದ್ದ ಮಾತುಗಳನ್ನ ಬೆರಳಲ್ಲಿ ಎಣಿಸಬಹುದಿತ್ತು. "ಊಟ ಆಯ್ತು", "ಚಳಿ ಜಾಸ್ತಿ", "ಇಲ್ಯಾರೂ ಹಾರ್ನೇ ಹೊಡೆಯಲ್ವಲ್ಲ". ತಿಪಟೂರಿನಲ್ಲಿ ಮೂವತ್ತೈದು ವರ್ಷ ಲಾರಿ ಗ್ಯಾರೇಜ್ ನಡೆಸಿದ ಮನುಷ್ಯ, ಕೊಬ್ಬರಿ ಲೋಡ್ ಗಾಡಿ ಕೆಟ್ಟು ನಿಂತರೆ ರಾತ್ರಿಯಿಡೀ ಅದರ ಕೆಳಗೇ ಇರ್ತಿದ್ದವರು. ನನ್ನನ್ನ ಮಾತ್ರ ಗ್ಯಾರೇಜಿನ ಹತ್ತಿರ ಸೇರಿಸ್ತಿರಲಿಲ್ಲ. ಒಮ್ಮೆ ಸ್ಪ್ಯಾನರ್ ಹಿಡಿದಿದ್ದಕ್ಕೆ ಬೆನ್ನಿಗೆ ಬಿದ್ದಿತ್ತು. "ಈ ಗ್ರೀಸು ನನ್ ತಲೇಗೇ ಸಾಕು, ನೀನು ಓದು." ಓದಿದೆ. ಕಾರಿನ ಬಿಡಿಭಾಗಗಳನ್ನ ಕಂಪ್ಯೂಟರಿನಲ್ಲಿ ಬಿಡಿಸೋ ಕೆಲಸ ಸಿಕ್ಕಿತು. ಕೈ ಕೊಳೆಯಾಗಲ್ಲ.

ಆ ಕೊರತೆಗೋ ಏನೋ, ನಾನೊಂದು ಸೆಕೆಂಡ್ ಹ್ಯಾಂಡ್ ಗಾಡಿ ಕಟ್ಟಿಕೊಂಡಿದ್ದೆ. 2004ರ ನಿಸಾನ್ 350ಝಡ್. 3.5 ಲೀಟರಿನ ವಿ6 ಇಂಜಿನ್, 287 ಕುದುರೆ ಶಕ್ತಿ, ಎರಡೇ ಸೀಟು. ನಮ್ಮ ಮನೆಯಲ್ಲಿ ಮೂರು ಜನ ಇದ್ದೀವಿ ಅನ್ನೋದನ್ನ ನನ್ನಾಕೆ ವಾರಕ್ಕೊಮ್ಮೆ ನೆನಪಿಸ್ತಾಳೆ.

ಈ ಇಂಜಿನ್ನಿಗೆ ಒಂದು ಹುಟ್ಟು ಐಬು ಇದೆ. ಥ್ರಾಟಲ್ ದಾಟಿ ಒಳಗೆ ಬಂದ ಗಾಳಿ ಮೊದಲು ಪ್ಲೆನಮ್ ಅನ್ನೋ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ತುಂಬಿಕೊಂಡು, ಅಲ್ಲಿಂದ ಆರು ಸಿಲಿಂಡರಿಗೂ ಹಂಚಿ ಹೋಗಬೇಕು. ಆದರೆ ಬಾನೆಟ್ ಮುಂದಕ್ಕೆ ಇಳಿಜಾರಾಗಿರೋದರಿಂದ ಪೆಟ್ಟಿಗೆಯ ಮಾಡೂ ಮುಂದಕ್ಕೆ ತಗ್ಗು. ಥ್ರಾಟಲ್ ಇರೋದೂ ಅದೇ ಮುಂಭಾಗದಲ್ಲಿ. ಗಾಳಿ ರಭಸಕ್ಕೆ ಮುಂದಿನ ಎರಡು ಬಾಯಿಗಳನ್ನ ದಾಟಿ ಹಿಂದಕ್ಕೆ ಹೋಗಿಬಿಡುತ್ತೆ. ಪಂಕ್ತಿ ಊಟದಲ್ಲಿ ಪಾಯಸದವನು ಬಾಗಿಲ ಪಕ್ಕ ಕೂತವರನ್ನ ನೋಡದೆ ಓಡಿ ಹೋಗ್ತಾನಲ್ಲ, ಹಾಗೆ. ಇಂಧನದ ಲೆಕ್ಕ ಇಡೋ ಸೆನ್ಸರು ಸಿಲಿಂಡರಿಗೊಂದಿಲ್ಲ, ಮೂರು ಸಿಲಿಂಡರಿನ ಒಂದು ಸಾಲಿಗೆ ಒಂದು. ಅದು ಸರಾಸರಿ ನೋಡಿ ಎಲ್ಲರಿಗೂ ಒಂದೇ ಅಳತೆಯ ಪೆಟ್ರೋಲ್ ಬಡಿಸುತ್ತೆ. ಮುಂದಿನವಕ್ಕೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚು, ಹಿಂದಿನವಕ್ಕೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿ. (2007ರಲ್ಲಿ ನಿಸಾನ್‌ನವರೇ ಹೊಸ ಇಂಜಿನ್ ತಂದು ಎರಡು ಥ್ರಾಟಲ್ ಇಟ್ಟರು. ನನ್ನ ಗಾಡಿಗೆ ಆ ಭಾಗ್ಯ ಇಲ್ಲ.)

ಮದ್ದು ಸರಳ. ಪೆಟ್ಟಿಗೆಯ ಮೇಲ್ಭಾಗ ಬಿಚ್ಚಿ, ಕೆಳಭಾಗಕ್ಕೂ ಅದಕ್ಕೂ ನಡುವೆ ಒಂದು ಚೌಕಟ್ಟು ಇಟ್ಟು ಮಾಡನ್ನ ಎತ್ತರಿಸೋದು. ಅದೇ ಸ್ಪೇಸರ್. ಆದರೆ ಯಾವುದು? ಎಂಟು ಮಿಲಿಮೀಟರಿನದೋ, ಅರ್ಧ ಇಂಚಿನದೋ? ಅಲ್ಯೂಮಿನಿಯಮ್ಮೋ, ಶಾಖ ತಡೆಯೋ ಪ್ಲಾಸ್ಟಿಕ್ಕೋ? ಮೂರು ವಾರ ಊಟದ ಮೇಜಿನ ಮೇಲೆ ಇದೇ ಲೆಕ್ಕ ಹಾಕ್ತಾ ಕೂತಿದ್ದೆ.

ಒಂದಿನ ಅಪ್ಪ ಹಾಳೆ ಮೇಲಿನ ಚಿತ್ರ ನೋಡಿ, "ಯಾವ್ದ್ಲಾ ಹಸ್ಕೊಂಡಿರೋದು?" ಅಂದರು.

ಹೇಳಿದೆ. ಒಂದನೇದು, ಎರಡನೇದು. ನಿಧಾನಕ್ಕೆ ಕೂತರು. ಲಾರಿಯಲ್ಲಿ ಯಾವ ಸಿಲಿಂಡರ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ನೋಡೋಕೆ ಇಂಜಿನ್ ಓಡ್ತಿರೋವಾಗ್ಲೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡ್ತಿದ್ರಂತೆ. ಸಡಿಲ ಮಾಡಿದಾಗ ಇಂಜಿನ್ ಸದ್ದು ಕುಗ್ಗಿದರೆ ಅದು ದುಡೀತಿತ್ತು, ಕುಗ್ಗದಿದ್ದರೆ ಅದೇ ಕಳ್ಳ. ಎರಡು ತಿಂಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಒಂದು ಸಂಜೆ ಆಡಿದರು.

ಪ್ಲಾಸ್ಟಿಕ್ ಸ್ಪೇಸರ್ ಅಂದಾಗ ನಕ್ಕರು. ಹಳೇ ಪೆಟ್ರೋಲ್ ಗಾಡಿಗಳಲ್ಲಿ ಕಾರ್ಬೊರೇಟರ್ ಕೆಳಗೆ ಇಂಥದ್ದೇ ಫೈಬರ್ ತುಂಡು ಇರ್ತಿತ್ತು, ಇಂಜಿನ್ ಬಿಸಿ ಮೇಲೆ ಹತ್ತದಿರಲಿ ಅಂತ. "ಅಲ್ಲಿ ಪೆಟ್ರೋಲ್ ನಿಂತಿರ್ತದೆ, ಕುದೀತದೆ. ಇಲ್ಲಿ ಹಾಯೋದು ಬರೀ ಗಾಳಿ. ಓಡೋ ಗಾಳಿಗೆ ಬಿಸಿಯಾಗಕ್ಕೆ ಪುರುಸೊತ್ತೆಲ್ಲಿ?" ಸಿಗ್ನಲ್ಲಿನಲ್ಲಿ ನಿಂತಾಗ ಪ್ಲಾಸ್ಟಿಕ್ಕಿನಿಂದ ಲಾಭ ಇದ್ದೇ ಇದೆ ಅಂತ ವಾದಿಸಿದೆ. ಒಪ್ಪಿದರು, ಆದರೆ ಬೋಲ್ಟ್ ಬಿಗಿಯಲ್ಲಿ ವರ್ಷಗಟ್ಟಲೆ ಕೂತ ಪ್ಲಾಸ್ಟಿಕ್ ಅಮುಕಿ ಹೋದ್ರೆ ಗಾಳಿ ಲೀಕು ಅಂದರು. ಅಲ್ಲಿಗೆ ಅಲ್ಯೂಮಿನಿಯಂ ಆಯ್ತು.

ದಪ್ಪದ ವಿಷಯದಲ್ಲಿ ನಾನು ಬಗ್ಗಲಿಲ್ಲ. ಎಂಟರಿಂದ ಒಳ್ಳೇದಾಗೋದಾದರೆ ಹನ್ನೆರಡೂಮುಕ್ಕಾಲರಿಂದ ಇನ್ನೂ ಒಳ್ಳೇದಾಗಬೇಕಲ್ಲ? ಅಪ್ಪ ಅಡುಗೆಮನೆಗೆ ಹೋಗಿ ಸೊಸೆ ಹತ್ತಿರ ಚಪಾತಿ ಹಿಟ್ಟು ಕೇಳಿದರು. ಅವಳು, "ಹಸಿವಾ ಮಾವ? ಈಗ ಲಟ್ಟಿಸ್ತೀನಿ" ಅಂದಳು. ಹಿಟ್ಟನ್ನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಉಂಡೆ ಮಾಡಿ ಗ್ಯಾರೇಜಿಗೆ ತಂದರು. ಈ ಗಾಡಿಯಲ್ಲಿ ಇಂಜಿನ್ ಮೇಲೆ ಅಡ್ಡಲಾಗಿ ಒಂದು ದಪ್ಪ ಕಂಬಿ ಇದೆ, ಸ್ಟ್ರಟ್ ಬಾರ್ ಅಂತ. ಅದನ್ನ ಬಿಚ್ಚಿ, ಪೆಟ್ಟಿಗೆ ಮೇಲೆ ಉಂಡೆಗಳನ್ನಿಟ್ಟು, ಮತ್ತೆ ಕಂಬಿ ಬಿಗಿದು ಬಿಚ್ಚಿದೆವು. ಹೆಚ್ಚು ಅಮುಕಿದ ಉಂಡೆ ಅಳೆದರೆ ಹದಿನಾಲ್ಕು ಮಿಲಿಮೀಟರ್.

"ನೋಡಪ್ಪಾ, ಅರ್ಧ ಇಂಚು ಹಿಡಿಯುತ್ತೆ!" ಅಂದೆ.

"ನಿಂತಾಗ ಹಿಡೀತದೆ. ಆಕ್ಸಿಲರೇಟರ್ ತುಳಿದಾಗ ಇಂಜಿನ್ ಹೊರಳಲ್ವೇನ್ಲಾ? ಒಂದು ಮಿಲಿಮೀಟರ್ ಸಾಕಾ?"

ದಿನಾ ಕಂಪ್ಯೂಟರಿನಲ್ಲಿ ಇದೇ ಲೆಕ್ಕ ಹಾಕೋನು ನಾನು. ತೆಪ್ಪಗೆ ಎಂಟರದ್ದೇ ತರಿಸಿದೆ.

ಕೂರಿಸಿದ್ದು ಒಂದು ಭಾನುವಾರ. ಅಪ್ಪನ ಹಳೇ ಶರ್ಟ್ ಹರಿದು ಆರು ಬಟ್ಟೆ ತುಂಡು ಮಾಡಿ, ಬಾಯಿ ತೆರೆದಿದ್ದ ಆರು ಕೊಳವೆಗಳಿಗೂ ತುರುಕಿದೆವು, ಒಳಗೇನೂ ಬೀಳದಿರಲಿ ಅಂತ. ಹಳೇ ಪ್ಯಾಕಿಂಗ್ ಕೆರೆದು ಒರೆಸಿದ್ದು ಅಪ್ಪ. ಆ ಕೆಲಸದಲ್ಲಿ ಕೈ ಚೆನ್ನಾಗೇ ಓಡಿತು. ಬೋಲ್ಟ್ ಕೂರಿಸೋವಾಗ ಮಾತ್ರ ಮೊದಲನೇದು ಓರೆಯಾಗಿ ಹತ್ತಿತು. ತೆಗೆದರು, ಮತ್ತೆ ಇಟ್ಟರು, ಮತ್ತೆ ಓರೆ. ಕೈ ನಡುಗ್ತಿತ್ತು. ನಾನು ಬೇರೆ ಕಡೆ ನೋಡಿದೆ. ಅಲ್ಯೂಮಿನಿಯಂ ಮರೆ ಒಮ್ಮೆ ಹೋದರೆ ಹೋಯ್ತು ಅಂತ ನನಗಿಂತ ಚೆನ್ನಾಗಿ ಅವರಿಗೆ ಗೊತ್ತು.

"ಹಿಡಿ, ನೀನೇ ಹಾಕು" ಅಂತ ಸ್ಪ್ಯಾನರ್ ಕೊಟ್ಟರು. ಮಧ್ಯದಿಂದ ಅಂಚಿಗೆ, ಎದುರುಬದುರು, ಒಂದೊಂದಕ್ಕೂ ಸ್ವಲ್ಪ ಸ್ವಲ್ಪ. ಅವರು ಬೆರಳು ತೋರಿಸಿದಲ್ಲೆಲ್ಲ ನಾನು ತಿರುಗಿಸಿದೆ.

ಎಲ್ಲ ಬಿಗಿದು, ಕೊಳವೆಗಳನ್ನ ಸಿಕ್ಕಿಸಿ, ಬ್ಯಾಟರಿ ಹಾಕಿ ಬೀಗದ ಕೈ ತಗೊಂಡೆ.

"ಬಟ್ಟೆ ಎಣಿಸು."

ಬೆಂಚಿನ ಮೇಲೆ ಐದಿತ್ತು. ಕೆಳಗೆ ಬಿದ್ದಿರಬಹುದು ಅಂದೆ. ಹುಡುಕಿದೆವು. ಎಲ್ಲ ತೆಗೆದೆ ಅಂತ ನನಗೆ ಖಾತ್ರಿ ಇತ್ತು, ಆಣೆ ಮಾಡೋದೊಂದು ಬಾಕಿ. ಅಪ್ಪ ವಾದಿಸಲಿಲ್ಲ, "ಬಿಚ್ಚು" ಅಂದರು ಅಷ್ಟೇ. ಸಿಟ್ಟಿನಲ್ಲೇ ಮತ್ತೆ ಅಷ್ಟೂ ಬೋಲ್ಟ್ ಬಿಚ್ಚಿ ಪೆಟ್ಟಿಗೆ ಎತ್ತಿದೆ. ಎರಡನೇ ಸಿಲಿಂಡರಿನ ಕೊಳವೆಯಲ್ಲಿ ನೀಲಿ ಚೌಕಳಿ ಶರ್ಟಿನ ತುಂಡು ಆರಾಮಾಗಿ ಕೂತಿತ್ತು. ಸ್ಟಾರ್ಟ್ ಮಾಡಿದ್ದರೆ ಒಳಗೆ ಎಳಕೊಂಡಿರೋದು.

ಅವರು ಬೈಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಕತ್ತಲಾದ ಮೇಲೆ ಇಂಜಿನ್ ಹತ್ತಿತು. ಶಕ್ತಿ ಹೆಚ್ಚಾಯ್ತಾ ಅಂತ ಕೇಳ್ತೀರಿ. ನಾಲ್ಕು ಸಾವಿರ ಸುತ್ತಿನ ಮೇಲೆ ಗಾಡಿ ಸ್ವಲ್ಪ ಹಗುರಾಗಿ ಏರುತ್ತೆ ಅನ್ನಿಸ್ತು. ದುಡ್ಡು ಕೊಟ್ಟಿದ್ದಕ್ಕೆ ಹಾಗನ್ನಿಸಿತೋ ಏನೋ, ಅಳತೆ ಮಾಡಿಸಲಿಲ್ಲ. ಅಪ್ಪ ಪಕ್ಕದ ಸೀಟಿನಲ್ಲಿ ಕಿಟಕಿ ಇಳಿಸಿ, ಆ ಚಳಿಯಲ್ಲೂ ಕಿವಿ ಹೊರಗಿಟ್ಟು ಕೂತಿದ್ದರು. ಎರಡು ಮೈಲಿ ಆದ ಮೇಲೆ ಕೇಳಿದರು, "ಇದಕ್ಕೆ ಎಣ್ಣೆ ಯಾವಾಗ ಬದಲಾಯ್ಸಿದ್ದು?"