ಅಂಗಳದ ಮೋಟಾರೂ ಮನೆಯ ಮಕ್ಕಳೂ

ಹಿಂದೆ ನಮ್ಮ ಹಳ್ಳಿಯ ಮನೆಗಳಲ್ಲಿ ಮಗುವೊಂದು ಸ್ವಲ್ಪ ಹೊತ್ತು ಕಣ್ಣಿಗೆ ಬೀಳದೆ ಹೋದರೆ ಹಿರಿಯರು ಮೊದಲು ಓಡುತ್ತಿದ್ದುದು ಬಾವಿಯ ಕಡೆಗೆ. ನೆರೆಮನೆಯಲ್ಲಿ ವಿಚಾರಿಸುವುದು, ಬೀದಿಯಲ್ಲಿ ಕೂಗಿ ಕರೆಯುವುದು, ಗುಡಿಯ ಜಗಲಿಯನ್ನು ನೋಡಿಬರುವುದು, ಇವೆಲ್ಲ ಆಮೇಲಿನ ಮಾತು. ಮಗು ಬಾವಿಗೆ ಬಿದ್ದಿರುವ ಸಂಭವವೇ ಹೆಚ್ಚೆಂದು ಹಾಗೆ ಮಾಡುತ್ತಿದ್ದರೆಂದಲ್ಲ. ಬಿದ್ದಿದ್ದರೆ ತಡಮಾಡಲು ಕಾಲವಿಲ್ಲವೆಂದು. ಈ ಕ್ರಮವನ್ನು ಯಾರೂ ಯಾರಿಗೂ ಪಾಠ ಹೇಳಿಕೊಟ್ಟುದಿಲ್ಲ. ಮನೆಯ ವಾಡಿಕೆಯಲ್ಲಿಯೇ ಅದು ಸೇರಿಹೋಗಿತ್ತು. ಈಗ ಪಟ್ಟಣಗಳಲ್ಲಿ ಬಾವಿಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಎಷ್ಟೋ ಮನೆಗಳ ಅಂಗಳದಲ್ಲಿ ಅವುಗಳ ಬದಲಿಗೆ ಮೋಟಾರು ಕಾರು ನಿಂತಿರುವುದು. ಮಗು ಕಾಣದಾದಾಗ ಮೊದಲು ಅದರೊಳಗೆ ನೋಡಬೇಕೆಂಬ ವಾಡಿಕೆ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ನಿಲ್ಲಿಸಿದ ಕಾರಿನೊಳಗೆ ಮಕ್ಕಳು ಮೃತರಾದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನಮ್ಮ ಸ್ನೇಹಿತರು, “ಎಂಥ ತಾಯಿತಂದೆಗಳು! ಹೆತ್ತ ಮಗುವನ್ನು ಮರೆತು ಹೋಗುವುದೂ ಉಂಟೆ?” ಎಂದು ಉದ್ಗರಿಸುವರು. ಆದರೆ ನಮ್ಮ ದೇಶದ ಸುದ್ದಿಗಳನ್ನು ಸಾವಧಾನವಾಗಿ ಓದಿದರೆ ಬೇರೊಂದು ಸಂಗತಿ ತಿಳಿಯಬರುವುದು. ೨೦೧೭ನೆಯ ಜೂನ್ ತಿಂಗಳಲ್ಲಿ ಗುರುಗ್ರಾಮದ ಬಳಿಯ ಹಳ್ಳಿಯೊಂದರಲ್ಲಿ ಐದು ವರ್ಷದ ಅವಳಿ ಹೆಣ್ಣುಮಕ್ಕಳು ಅಜ್ಜನ ಮನೆಯಲ್ಲಿ ಬಳಸದೆ ನಿಲ್ಲಿಸಿದ್ದ ಹಳೆಯ ಕಾರಿನೊಳಗೆ ಸಿಕ್ಕಿಕೊಂಡು ತೀರಿಹೋದರು. ೨೦೨೨ರ ಜೂನಿನಲ್ಲಿ ತಮಿಳುನಾಡಿನ ಪಣಗುಡಿಯಲ್ಲಿ ಮೂವರು ಮಕ್ಕಳು. ೨೦೨೪ರ ನವೆಂಬರಿನಲ್ಲಿ, ಬೇಸಗೆಯಲ್ಲದ ಕಾಲದಲ್ಲಿ, ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಹೊಲದ ಕೂಲಿಯವರೊಬ್ಬರ ನಾಲ್ವರು ಮಕ್ಕಳು. ತಾಯಿತಂದೆ ಕೆಲಸಕ್ಕೆ ಹೋಗಿದ್ದರು, ಕಾರು ಜಮೀನಿನ ಒಡೆಯನದು. ೨೦೨೫ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿ ಆಟವಾಡಲು ಹೋದ ನಾಲ್ವರು. ಇವರಲ್ಲಿ ಯಾರನ್ನೂ ಯಾರೂ ಕಾರಿನಲ್ಲಿ ಬಿಟ್ಟುಹೋಗಿರಲಿಲ್ಲ. ಬಾಗಿಲನ್ನು ತೆರೆದು ಅವರೇ ಒಳಗೆ ಹತ್ತಿದರು, ಬಾಗಿಲು ಮುಚ್ಚಿಕೊಂಡಿತು, ಒಳಗಿನಿಂದ ತೆರೆಯಲು ಬರಲಿಲ್ಲ.

ಅಮೆರಿಕಾ ದೇಶದ ಸ್ಥಿತಿ ಬೇರೆ. ಅಲ್ಲಿ ೧೯೯೮ರಿಂದ ಇಂತಹ ಸಾವುಗಳ ಲೆಕ್ಕವನ್ನು ಇಡುತ್ತ ಬಂದಿರುವರು. ವರ್ಷಕ್ಕೆ ಸರಾಸರಿ ೩೭ರಷ್ಟು. ೨೦೧೮ರಲ್ಲಿಯೂ ೨೦೧೯ರಲ್ಲಿಯೂ ೫೩. ಇವುಗಳಲ್ಲಿ ಅರ್ಧಕ್ಕೂ ಮಿಕ್ಕಿ ತಾಯಿತಂದೆಗಳೋ ಆರೈಕೆಯವರೋ ಮರೆತುಹೋದ ಮಕ್ಕಳು. ತಾವಾಗಿ ಹತ್ತಿದವರು ಸುಮಾರು ನಾಲ್ಕರಲ್ಲಿ ಒಬ್ಬರು. ಅಪಘಾತದಲ್ಲಿ ಉಬ್ಬಿ ಬರುವ ಗಾಳಿಚೀಲವು ಮುಂದೆ ಕುಳಿತ ಮಗುವಿಗೇ ಮಾರಕವಾಗುವುದೆಂದು ತಿಳಿದುಬಂದ ಮೇಲೆ, ೧೯೯೦ರ ದಶಕದಿಂದ ಅಲ್ಲಿ ಮಕ್ಕಳನ್ನು ಹಿಂದಿನ ಆಸನದಲ್ಲಿ ಕೂರಿಸತೊಡಗಿದರು. ಒಂದು ಅಪಾಯ ತಪ್ಪಿತು. ಮಗು ಮಾತ್ರ ಕಣ್ಣಿನ ಮುಂದಿನಿಂದ ಮರೆಯಾಯಿತು. ಶಿಶುವಿಹಾರಕ್ಕೆ ತಿರುಗಬೇಕಾದ ತಂದೆ ದಿನದ ಅಭ್ಯಾಸದಂತೆ ನೇರವಾಗಿ ಕಚೇರಿಗೆ ಹೋಗಿಬಿಡುವನು. ನಿದ್ರಿಸುವ ಮಗು ಸದ್ದು ಮಾಡದು. ಇದನ್ನು ಅಭ್ಯಾಸದ ನೆನಪು ಸಂಕಲ್ಪದ ನೆನಪನ್ನು ಮೆಟ್ಟಿ ನಿಲ್ಲುವ ಪರಿಯೆಂದು ಅಲ್ಲಿಯ ಮನಶ್ಶಾಸ್ತ್ರಜ್ಞರು ವಿವರಿಸುವರು. ಪ್ರೀತಿಯಿಲ್ಲದವರಿಗೆ ಮಾತ್ರ ಇದು ಸಂಭವಿಸುವುದೆಂದು ತಿಳಿಯುವುದು ಸುಲಭ, ಅದು ನಿಜವಲ್ಲ. ಇಟಲಿ ದೇಶವು ೨೦೧೮ರಲ್ಲಿ ಶಾಸನ ಮಾಡಿ, ನಾಲ್ಕು ವರ್ಷ ತುಂಬದ ಮಕ್ಕಳ ಆಸನಕ್ಕೆ ಎಚ್ಚರಿಸುವ ಸಾಧನವಿರಲೇಬೇಕೆಂದು ವಿಧಿಸಿತು.

ಇನ್ನು ಬಿಸಿಲಿನ ವಿಚಾರ. ‘ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿದ್ದೇವೆ’, ‘ಹೊರಗೆ ತಂಪಾಗಿಯೇ ಇದೆ’, ‘ಹತ್ತು ನಿಮಿಷದ ಕೆಲಸ’ ಎಂಬ ಮೂರು ಸಮಾಧಾನಗಳನ್ನು ನಾವು ಮೇಲಿಂದ ಮೇಲೆ ಕೇಳಿದ್ದೇವೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಈ ಮೂರನ್ನೂ ಅಲ್ಲಗಳೆಯುವುದು. ಮೋಡವಿಲ್ಲದ ೧೬ ದಿನಗಳಲ್ಲಿ, ಹೊರಗಿನ ಶಾಖ ಸೆಲ್ಸಿಯಸ್ ಮಾನದಲ್ಲಿ ೨೨ರಿಂದ ೩೬ ಡಿಗ್ರಿಯವರೆಗೆ ಇದ್ದಾಗ, ಅವರು ನಿಂತ ಕಾರಿನ ಒಳಶಾಖವನ್ನು ಅಳೆದರು. ಒಂದು ಗಂಟೆಯಲ್ಲಿ ಒಳಗಿನ ಶಾಖ ಸರಾಸರಿ ೨೨ ಡಿಗ್ರಿ ಏರಿತು. ಆ ಏರಿಕೆಯ ನೂರಕ್ಕೆ ೮೦ ಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಹೋಯಿತು. ಗಾಜನ್ನು ಒಂದೂವರೆ ಅಂಗುಲ ಇಳಿಸಿದ್ದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಆಗಲಿಲ್ಲ. ರಾಯಚೂರು, ಕಲಬುರಗಿಗಳ ಬೇಸಗೆಯನ್ನು ಬಲ್ಲವರಿಗೆ ಬಿಸಿಲಿನ ಭಯ ಹುಟ್ಟಿನಿಂದಲೇ ಉಂಟು. ನಮಗೆ ಹೆಚ್ಚು ಕಳವಳವಾಗುವುದು ತಮ್ಮ ಊರಿನ ಹವೆಯನ್ನು ಹೊಗಳಿಕೊಳ್ಳುವ ಬೆಂಗಳೂರು, ಮೈಸೂರುಗಳವರ ವಿಷಯದಲ್ಲಿ. ಹೊರಗೆ ೨೭ ಡಿಗ್ರಿಯ ಹಿತವಾದ ಬೆಳಗು ಇರುವಾಗ, ಆ ಲೆಕ್ಕದಂತೆ, ಗಂಟೆಯೊಳಗೆ ಕಾರಿನಲ್ಲಿ ೪೯ ಡಿಗ್ರಿ ಆಗಬಹುದು. ಗಾಜಿನ ಮೂಲಕ ಒಳನುಗ್ಗಿದ ಬಿಸಿಲು ಆಸನಗಳನ್ನೂ ಮುಂದಿನ ಹಲಗೆಯನ್ನೂ ಕಾಯಿಸುವುದು. ಅವು ಒಳಗಾಳಿಯನ್ನು ಕಾಯಿಸುವುವು. ಆ ಗಾಳಿಗೆ ಹೊರಬೀಳಲು ದಾರಿಯಿಲ್ಲ. ಮಗುವಿನ ದೇಹಶಾಖವಾದರೋ ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಏರುವುದು. ದೇಹಶಾಖ ೪೦ ಡಿಗ್ರಿ ಮೀರಿದರೆ ಮೆದುಳಿಗೆ ಪೆಟ್ಟು. ೪೨ನ್ನು ಸಮೀಪಿಸಿದರೆ ಉಳಿಯುವುದು ಕಷ್ಟ.

ಕೆಲವು ವರ್ಷಗಳ ಹಿಂದೆ ತುಮಕೂರಿನ ಕಲ್ಯಾಣಮಂಟಪವೊಂದರ ಮುಂದೆ ನಾವೇ ಕಂಡ ಸಂಗತಿಯಿದು. ಒಬ್ಬ ತರುಣ ಗೃಹಸ್ಥನು ಕಾರನ್ನು ನಿಲ್ಲಿಸಿ, ಹಿಂದಿನ ಆಸನದಲ್ಲಿ ನಿದ್ರಿಸುತ್ತಿದ್ದ ಎರಡು ವರ್ಷದ ಮಗುವನ್ನು ಅಲ್ಲಿಯೇ ಬಿಟ್ಟು ಹೊರಡುವುದರಲ್ಲಿದ್ದನು. ನಾವು ತಡೆದು ಕೇಳಲು, “ಈಗಷ್ಟೆ ಮಲಗಿದೆ ಸಾರ್, ಎಬ್ಬಿಸಿದರೆ ಹಟ ಮಾಡುತ್ತದೆ. ಧಾರೆ ಮುಗಿದ ಕೂಡಲೆ ಬಂದುಬಿಡುತ್ತೇನೆ,” ಎಂದನು. “ಧಾರೆ ಯಾವಾಗ ಮುಗಿದೀತೆಂದು ಪುರೋಹಿತರಿಗೇ ಗೊತ್ತಿಲ್ಲವಪ್ಪ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಾ, ಒಳಗೆ ಚಾಪೆ ಹಾಸಿಸಿಕೊಡುತ್ತೇವೆ,” ಎಂದೆವು. ಅವನ ಮುಖ ಬಿಗಿಯಿತು. ಪಕ್ಕದಲ್ಲಿದ್ದವರೊಬ್ಬರು, “ಇವರಿಗೇಕೆ ಊರ ಉಸಾಬರಿ?” ಎಂದುದೂ ನಮ್ಮ ಕಿವಿಗೆ ಬಿತ್ತು. ನಾವು ಕಾರಿನ ಬಳಿಯಿಂದ ಕದಲಲಿಲ್ಲ. ಕೊನೆಗೆ ಮಗುವಿನ ಅಜ್ಜಿ ಬಂದು, ಒಂದು ಮಾತನ್ನೂ ಆಡದೆ, ಅದನ್ನು ಎತ್ತಿಕೊಂಡು ಒಳಗೆ ಹೋದರು. ಮಗು ಅಳಲೂ ಇಲ್ಲ. ಆ ತರುಣನು ಊಟದ ಪಂಕ್ತಿಯಲ್ಲಿಯೂ ನಮ್ಮನ್ನು ನೋಡದೆ ಇದ್ದನು, ಇರಲಿ.

ಮದುವೆಮನೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ೨೦೨೪ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಜಿಲ್ಲೆಯಲ್ಲಿ ಮದುವೆಗೆ ಬಂದ ದಂಪತಿಗಳ ಮೂರು ವರ್ಷದ ಮಗಳು ಕಾರಿನಲ್ಲಿ ಉಳಿದು ಸತ್ತಳು. ತಾಯಿ ಹಿರಿಯ ಮಗಳೊಡನೆ ಇಳಿದಳು. ತಂದೆ, ಇಬ್ಬರು ಮಕ್ಕಳೂ ಇಳಿದರೆಂದು ಬಗೆದು ಕಾರನ್ನು ನಿಲ್ಲಿಸಿ ಬಂದನು. ಕಿರಿಯಳು ತಂದೆಯ ಬಳಿಯಿರುವಳೆಂದು ತಾಯಿಯೂ, ತಾಯಿಯ ಬಳಿಯಿರುವಳೆಂದು ತಂದೆಯೂ ನಂಬಿ, ನೆಂಟರ ನಡುವೆ ಬಹಳ ಹೊತ್ತು ಕಳೆದರು. ನಮ್ಮ ಸಮಾರಂಭಗಳಲ್ಲಿ ಕೂಸು ಅತ್ತೆಯ ಮಡಿಲಿನಿಂದ ಚಿಕ್ಕಮ್ಮನ ಸೊಂಟಕ್ಕೆ, ಅಲ್ಲಿಂದ ಅಜ್ಜನ ಹೆಗಲಿಗೆ ಹೋಗುತ್ತಲೇ ಇರುವುದು. ಅದು ನಮ್ಮ ಬಾಳಿನ ಚೆಲುವು. ಆದರೆ ಕೈ ಬದಲಾದಾಗ ಬಾಯಿಂದ ಹೇಳುವ ಪದ್ಧತಿ ಬೇಕು. “ಮಗು ನಿಮ್ಮ ಹತ್ತಿರ,” ಎಂದು ಒಬ್ಬರು ಹೇಳಿ, “ಹೂಂ, ನನ್ನ ಹತ್ತಿರ,” ಎಂದು ಇನ್ನೊಬ್ಬರು ಒಪ್ಪಿಕೊಳ್ಳುವ ತನಕ ಮಗು ಮೊದಲಿನವರದೇ. ನಮ್ಮ ಮನೆಯಲ್ಲಿ ಸೊಸೆಯಂದಿರು ಇದನ್ನು ಮೊದಲು ನಗುತ್ತ ಆಡಿದರು. ಈಗ ತಾನಾಗಿಯೇ ಬಾಯಿಗೆ ಬರುವುದು.

ಶಾಲೆಯ ಬಸ್ಸು, ವ್ಯಾನುಗಳಿಗೂ ಇದು ಸಲ್ಲುವುದು. ಜಪಾನಿನ ಶಿಜುವೊಕಾ ಪ್ರಾಂತದಲ್ಲಿ ೨೦೨೨ರ ಸೆಪ್ಟೆಂಬರಿನಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಶಿಶುಶಾಲೆಯ ಬಸ್ಸಿನಲ್ಲಿ ಉಳಿದು ಮೃತಳಾದ ಮೇಲೆ, ೨೦೨೩ರ ಏಪ್ರಿಲಿನಿಂದ ಅಲ್ಲಿ ಅಂತಹ ಬಸ್ಸುಗಳಿಗೆ ಎಚ್ಚರಿಕೆಯ ಯಂತ್ರವನ್ನು ಕಡ್ಡಾಯ ಮಾಡಿದರು. ಅಂತಹ ಯಂತ್ರಗಳಲ್ಲೊಂದು ಬಗೆ ಬಹಳ ಸರಳ: ಬಸ್ಸು ನಿಂತೊಡನೆ ಕೂಗತೊಡಗುವುದು, ಅದನ್ನು ನಿಲ್ಲಿಸುವ ಗುಂಡಿ ಇರುವುದು ಬಸ್ಸಿನ ಹಿಂಭಾಗದಲ್ಲಿ. ಚಾಲಕನು ಆಸನಗಳನ್ನು ದಾಟಿಕೊಂಡೇ ಹೋಗಬೇಕು. ಯಂತ್ರವಿಲ್ಲದ ನಮ್ಮ ವ್ಯಾನುಗಳ ಚಾಲಕರನ್ನು, ಮಕ್ಕಳು ಇಳಿದ ಮೇಲೆ ಒಮ್ಮೆ ಹಿಂದಿನವರೆಗೂ ನಡೆದು ನೋಡುವಿರಾ ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ.

ಮನೆಯ ಕಾರಿನ ವಿಷಯದಲ್ಲಿ ನಮ್ಮ ಅಭಿಪ್ರಾಯವು ಸ್ವಲ್ಪ ಕಠಿಣವಾದುದು. ಗೇಟಿನ ಒಳಗೆ ನಿಂತ ಕಾರಿಗೆ ಬೀಗವೇಕೆನ್ನುವವರು ಕಳ್ಳನನ್ನು ಮಾತ್ರ ಎಣಿಸಿದವರು. ಬೀಗ ಮಕ್ಕಳಿಗಾಗಿ ಬೇಕು, ಡಿಕ್ಕಿಗೂ ಬೇಕು. ಡಿಕ್ಕಿಯನ್ನು ಒಳಗಿನಿಂದ ತೆರೆಯುವ, ಕತ್ತಲಲ್ಲಿ ಹೊಳೆಯುವ ಹಿಡಿಯನ್ನು ಅಮೆರಿಕಾದಲ್ಲಿ ೨೦೦೧ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿರುವರು. ಕಾರಿನ ಕೀಲಿಯು ಅಳುವ ಮಗುವಿನ ಕೈಗೆ ಕೊಡುವ ಆಟಿಕೆಯಲ್ಲ. ಔಷಧಿಯ ಸೀಸೆಯಷ್ಟೇ ಎತ್ತರದಲ್ಲಿ ಅದರ ಸ್ಥಾನ. ಹಿಂದಿನ ಬಾಗಿಲುಗಳಿಗೆ ‘ಚೈಲ್ಡ್ ಲಾಕ್’ ಹಾಕಿದ್ದರೆ ಅವು ಒಳಗಿನಿಂದ ತೆರೆಯವೆಂಬುದನ್ನು ದೊಡ್ಡವರೇ ಮರೆತಿರುವರು. ತುಸು ತಿಳಿವು ಬಂದ ಮಕ್ಕಳಿಗೆ, ಸಿಕ್ಕಿಕೊಂಡರೆ ಮುಂದಿನ ಆಸನಕ್ಕೆ ದಾಟಿ ಆ ಬಾಗಿಲನ್ನು ತೆರೆಯುವುದನ್ನೂ, ತೆರೆಯದಿದ್ದರೆ ಹಾರನ್ನನ್ನು ಒತ್ತಿಹಿಡಿಯುವುದನ್ನೂ ಮಾಡಿಸಿ ತೋರಿಸಬೇಕು. ಹಾರನ್ ಮುಟ್ಟಬೇಡವೆಂದು ವರ್ಷವೆಲ್ಲ ಗದರಿಸಿದ ಮಗು ಆ ಹೊತ್ತಿನಲ್ಲಿ ತಾನಾಗಿ ಮುಟ್ಟಲಾರದು.

ಬೀಗ ಹಾಕಿದ ಕಾರಿನೊಳಗೆ ಮಗುವೊಂದು ಸೊರಗಿ ಬಿದ್ದಿರುವುದನ್ನು ಕಂಡವರು ಒಡೆಯನನ್ನು ಹುಡುಕುತ್ತ ಕಾಲ ಕಳೆಯಬಾರದು. ಒಬ್ಬರು ೧೧೨ಕ್ಕೆ ದೂರವಾಣಿ ಮಾಡಲಿ. ಇನ್ನೊಬ್ಬರು ಮಗುವಿನಿಂದ ದೂರವಿರುವ ಪಕ್ಕದ ಗಾಜಿನ ಮೂಲೆಗೆ ಬಲವಾಗಿ ಹೊಡೆಯಲಿ. ಮಗುವನ್ನು ನೆರಳಿಗೆ ತಂದು, ಬಟ್ಟೆಯನ್ನು ಸಡಿಲಿಸಿ, ಮೈಯೆಲ್ಲ ನೀರಿನಿಂದ ತೋಯಿಸಿ ಬೀಸಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು. ಗಾಜಿನ ಬೆಲೆಯ ವಿಚಾರವನ್ನು ಆಮೇಲೆ ಮಾತನಾಡಿಕೊಳ್ಳಬಹುದು.

ನಮ್ಮ ಬೀದಿಯ ಕೊನೆಯಲ್ಲಿ ಗಾಳಿ ಹೋದ ನಾಲ್ಕು ಚಕ್ರಗಳ ಮೇಲೆ ಕಾರೊಂದು ಮೂರು ವರ್ಷಗಳಿಂದ ನಿಂತಿದೆ. ಮೇಲೆ ಹರಿದ ಹೊದಿಕೆ. ಹಿಂದಿನ ಒಂದು ಬಾಗಿಲಿಗೆ ಬೀಗ ಹತ್ತದು. ಬೇಸಗೆಯ ರಜೆಯಲ್ಲಿ ಅದು ಬೀದಿಯ ಹುಡುಗರ ಕೋಟೆಯಾಗುವುದು. ಒಡೆಯರೊಡನೆ ಎರಡು ಬಾರಿ ಮಾತನಾಡಿದ್ದೇವೆ. ಒಳ್ಳೆಯವರು; ‘ಗುಜರಿಯವನಿಗೆ ಹೇಳಿದ್ದೇನೆ, ಬರುತ್ತಾನೆ’ ಎನ್ನುವರು. ಅವನು ಬರುವವರೆಗೆ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಲು ಒಪ್ಪಿರುವರು. ಬರುವ ಭಾನುವಾರ ಸರಪಳಿಯನ್ನೂ ಬೀಗವನ್ನೂ ನಾವೇ ಕೊಂಡುಹೋಗುವೆವು.