ಬಿಳಿ ಬೋರ್ಡ್‌ಗೆ ಬ್ರೇಕ್ ಸವೆಯಲ್ವಾ?

ಹನೂರು ದಾಟಿ ಮಾದಪ್ಪನ ಬೆಟ್ಟದ ಘಾಟ್ ರೋಡ್ ನಿಮಗೆಲ್ಲ ಗೊತ್ತಲ್ಲ? ಅಲ್ಲಿ ಟ್ಯಾಕ್ಸಿಗೂ ಸ್ವಂತ ಕಾರಿಗೂ ಇಳಿಜಾರು ಒಂದೇ. ಎಫ್‌ಸಿ ಮಾತ್ರ ಬೇರೆ.

ಹಳದಿ ಬೋರ್ಡ್‌ಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಳಿ ಬೋರ್ಡ್‌ಗೆ ಮೊದಲ 15 ವರ್ಷ ಕೇಳೋರೇ ಇಲ್ಲ, ಆಮೇಲೆ 5 ವರ್ಷಕ್ಕೊಮ್ಮೆ. ನಮ್ಮನೆ ಕಾರು 2013ರದ್ದು. ಅಮ್ಮ, ತಂಗಿ ಓಡಾಡೋದು ಅದರಲ್ಲೇ. ಎಫ್‌ಸಿ ಮಾತ್ರ 2028ಕ್ಕೆ!

ಎಮಿಷನ್ ಟೆಸ್ಟ್ ಇದೆಯಲ್ಲ ಅಂತೀರಾ? ಅದು ಹೊಗೆ ನೋಡುತ್ತೆ, ಬ್ರೇಕ್ ಅಲ್ಲ. ಬಿಕಾಂ ಲೆಕ್ಕದಲ್ಲಿ ಕಾರಿಗೆ ವರ್ಷ ವರ್ಷ ಸವಕಳಿ ಹಾಕ್ತೀವಿ, ರಸ್ತೆಯಲ್ಲಿ ಯಾಕಿಲ್ಲ?

ಬ್ರಿಟನ್‌ನಲ್ಲಿ 3 ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ತಪಾಸಣೆ. ನಮಗೆ ಅಷ್ಟು ಖರ್ಚು ಬೇಡ. 8 ವರ್ಷ ದಾಟಿದ ಮೇಲೆ 2 ವರ್ಷಕ್ಕೊಮ್ಮೆ ಸಾಕು.

ರೂಲ್ ಬರೋ ತನಕ ಕಾಯಬೇಡಿ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಡೋ ಮುಂಚೆ ಮೆಕ್ಯಾನಿಕ್‌ಗೆ ಬ್ರೇಕ್ ತೋರಿಸಿ. ನಿಮ್ಮನೆ ಕಾರಿಗೆ ಎಷ್ಟು ವರ್ಷ? ಕಾಮೆಂಟ್ ಮಾಡಿ.